ಬ್ಲಡ್ ಗ್ರೂಪಿಗೂ ವಾಂತಿ-ಭೇದಿಗೂ ಏನು ನಂಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ನಾಮಕರಣ ಆಯಿತು. ಊಟಕ್ಕೆ ನಲವತ್ತು ಜನ. ಮರುದಿನ ರಾತ್ರಿ ಹೊತ್ತಿಗೆ ಉಳಿದುಕೊಂಡಿದ್ದ ನೆಂಟರಲ್ಲಿ ಅರ್ಧ ಜನ ಮಲಗಿದ್ದರು, ಇನ್ನರ್ಧ ಜನ ಬಚ್ಚಲ ಬಾಗಿಲಲ್ಲಿ ಸರದಿ ನಿಂತಿದ್ದರು. ಚಿಕ್ಕಮ್ಮ ಮಾತ್ರ ಬಕೆಟ್ಟು ಹಿಡಿದು ಎಲ್ಲರ ವಾಂತಿ ಬಳಿದು, ಎಲ್ಲರಿಗೂ ಗಂಜಿ ಕುಡಿಸಿ, ಎರಡು ದಿನ ಗಟ್ಟಿಯಾಗಿ ಓಡಾಡಿದರು. ಅವರಿಗೆ ಒಂದು ಸಲ ಹೊಟ್ಟೆ ತೊಳಸಲೂ ಇಲ್ಲ. "ಅವಳ ರಕ್ತವೇ ಹಾಗೆ" ಅಂದರು ಅಜ್ಜಿ.

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ. ಆದರೆ ಬ್ಲಡ್ ಗ್ರೂಪ್ ಜೊತೆಗೇ ದಿನ ಕಳೆಯುವವನು ಅಂತ ಗೊತ್ತಿದ್ದವರೆಲ್ಲ ಅಜ್ಜಿ ಹೇಳಿದ ಮಾತನ್ನೇ ಬೇರೆ ಬೇರೆ ರೀತಿ ಕೇಳುತ್ತಾರೆ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾವ ವೈರಸ್ ಬಗ್ಗೆ ಹೇಳ್ತಿದ್ದೀರಿ?

ಮುಖ್ಯವಾಗಿ ನೊರೊವೈರಸ್. ಜೊತೆಗೆ ಚಿಕ್ಕ ಮಕ್ಕಳನ್ನು ಕಾಡುವ ರೋಟಾವೈರಸ್. ನಾವು "ಫುಡ್ ಪಾಯಿಸನ್ ಆಯ್ತು", "ನೀರು ಬದಲಾಯ್ತು, ಅದಕ್ಕೆ" ಅಂದುಕೊಳ್ಳುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಕಳ್ಳ ನೊರೊ ಇರುತ್ತದೆ. ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಅನ್ನೋ ಊರಿನ ಶಾಲೆಯಲ್ಲಿ 1968ರಲ್ಲಿ ಮಕ್ಕಳು, ಟೀಚರುಗಳು ಸಾಲಾಗಿ ವಾಂತಿ ಮಾಡಿಕೊಂಡರು. ಆಗ ಇಟ್ಟುಕೊಂಡಿದ್ದ ಮಲದ ಮಾದರಿಯಲ್ಲಿ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ವೈರಸ್ಸನ್ನು ಕಂಡರು. ನಾರ್ವಾಕ್ ಊರಿನ ಹೆಸರೇ ಸವೆದು ನೊರೊ ಆಯಿತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 68.5 ಕೋಟಿ ಜನರಿಗೆ ಇದು ತಗಲುತ್ತದೆ ಅನ್ನೋದು ಅಂದಾಜು.

ನನ್ನದು ಓ ಗ್ರೂಪ್. ನನಗೆ ಅಪಾಯ ಜಾಸ್ತಿನಾ?

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಎಲ್ಲೋ ಓದಿರುತ್ತಾರೆ. ಓದಿದ್ದು ಪೂರ್ತಿ ಸುಳ್ಳೂ ಅಲ್ಲ. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನಾರ್ವಾಕ್ ವೈರಸ್ ಕುಡಿದ ಸ್ವಯಂಸೇವಕರ ಪೈಕಿ ಓ ಗ್ರೂಪಿನವರಿಗೆ ಸೋಂಕು ಜಾಸ್ತಿ, ಬಿ ಗ್ರೂಪಿನವರಿಗೆ ಕಡಿಮೆ ಅಂತ ಕಂಡಿತ್ತು. ಆದರೆ ಅದು ಆ ಒಂದು ತಳಿಯ ಕಥೆ. ನೊರೊದಲ್ಲಿ ಹತ್ತಾರು ತಳಿಗಳಿವೆ, ಒಂದೊಂದರ ರುಚಿ ಒಂದೊಂದು. ಬೇರೆ ತಳಿಗಳಲ್ಲಿ ಓ, ಎ, ಬಿ ಲೆಕ್ಕ ಅದೇ ರೀತಿ ಬರಲಿಲ್ಲ.

ಹಾಗಾಗಿ ಡ್ರೈವಿಂಗ್ ಲೈಸೆನ್ಸಿನ ಮೇಲೆ ಬರೆದಿರುವ ಅಕ್ಷರ ನೋಡಿ ಹೆದರಬೇಡಿ, ಬೀಗಲೂ ಬೇಡಿ. ಅಸಲಿ ವಿಷಯ ಲೈಸೆನ್ಸಿನ ಮೇಲೆ ಇರೋದೇ ಇಲ್ಲ.

ಮತ್ತೆ ಅಸಲಿ ವಿಷಯ ಏನು?

ನೀವು ಸೆಕ್ರೆಟರ್ ಹೌದೋ ಅಲ್ಲವೋ ಅನ್ನೋದು.

ಸ್ವಲ್ಪ ಹಿಂದಿನಿಂದ ಬರೋಣ. ಎ, ಬಿ, ಓ ಅಂತ ನಾವು ಕರೆಯೋದು ನಿಜಕ್ಕೂ ಸಕ್ಕರೆ. ಕೆಂಪು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಸಕ್ಕರೆ ಸರಪಳಿಗಳು ರೋಮದ ಹಾಗೆ ಎದ್ದು ನಿಂತಿರುತ್ತವೆ. ಸರಪಳಿಯ ತುದಿಗೆ ಫ್ಯೂಕೋಸ್ ಅನ್ನೋ ಸಕ್ಕರೆ ಅಂಟಿದರೆ ಅದಕ್ಕೆ ಎಚ್ ಅಂತಾರೆ. ಈ ಎಚ್ ತಳಪಾಯ. ಅದರ ಪಕ್ಕ ಒಂದು ಬಗೆಯ ಸಕ್ಕರೆ ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ, ಎರಡೂ ಇದ್ದರೆ ಎಬಿ. ಏನೂ ಸೇರದೆ ಬರೀ ಎಚ್ ಉಳಿದರೆ ಓ.

ರಕ್ತದಲ್ಲಿ ಮೊದಲು ಸಿಕ್ಕಿತು ಅಂತ ಇದಕ್ಕೆ ಬ್ಲಡ್ ಗ್ರೂಪ್ ಅನ್ನೋ ಹೆಸರು ಬಂತು. 1901ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಕೈಗೆ ಸಿಕ್ಕಿದ್ದು ರಕ್ತ. ಆದರೆ ಇದೇ ಸಕ್ಕರೆಗಳು ನಮ್ಮ ಜೊಲ್ಲಿನಲ್ಲಿ, ಕರುಳಿನ ಒಳಗೋಡೆಯಲ್ಲಿ, ಮೂಗಿನ ಲೋಳೆಯಲ್ಲಿ, ತಾಯಿಯ ಹಾಲಿನಲ್ಲೂ ಇರುತ್ತವೆ. ಎಲ್ಲರಲ್ಲೂ ಅಲ್ಲ, ಅಲ್ಲೇ ಇರೋದು ಮಜಾ. ರಕ್ತಕಣದ ಮೇಲೆ ಎಚ್ ಕಟ್ಟುವ ಕೆಲಸ ಎಫ್‌ಯುಟಿ1 ಅನ್ನೋ ಜೀನ್‌ನದು. ಜೊಲ್ಲು, ಕರುಳಲ್ಲಿ ಕಟ್ಟುವುದು ಅದರ ಪಕ್ಕದ ಮನೆಯ ಎಫ್‌ಯುಟಿ2. ಎರಡೂ 19ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಎಫ್‌ಯುಟಿ2 ಕೆಲಸ ಮಾಡುತ್ತಿದ್ದರೆ ನೀವು ಸೆಕ್ರೆಟರ್, ನಿಮ್ಮ ಎಂಜಲಿನಲ್ಲೂ ನಿಮ್ಮ ಬ್ಲಡ್ ಗ್ರೂಪ್ ಇದೆ. ಅದು ಕೆಟ್ಟಿದ್ದರೆ ನಾನ್-ಸೆಕ್ರೆಟರ್. ರಕ್ತ ಎ ಅಂತ ತೋರಿಸಿದರೂ ಜೊಲ್ಲು ಏನನ್ನೂ ಬಾಯಿ ಬಿಡೋದಿಲ್ಲ.

ಎಂಜಲು ಅಂದರೆ ನಮ್ಮಲ್ಲಿ ಎಷ್ಟೊಂದು ಕಟ್ಟುಪಾಡು ಅಲ್ವಾ? ಎಂಜಲಿನಲ್ಲಿ ಆಳಿನ ಗುರುತು ಇರುತ್ತದೆ ಅನ್ನೋದಂತೂ ನಿಜ. ಡಿಎನ್‌ಎ ಟೆಸ್ಟ್ ಬರುವ ಮೊದಲು ಸಿಗರೇಟಿನ ತುಂಡು, ಸ್ಟ್ಯಾಂಪಿನ ಹಿಂದಿನ ಎಂಜಲು ನೋಡಿ ಪೊಲೀಸರ ಲ್ಯಾಬಿನವರು ಗ್ರೂಪ್ ಹೇಳುತ್ತಿದ್ದದ್ದು ಇದೇ ದಾರಿಯಲ್ಲಿ. ಅಪರಾಧಿ ನಾನ್-ಸೆಕ್ರೆಟರ್ ಆಗಿದ್ದರೆ ಅವರ ಕೈ ಖಾಲಿ.

ಸಕ್ಕರೆಗೂ ವೈರಸ್ಸಿಗೂ ಏನು ಕೆಲಸ?

ವೈರಸ್ ಜೀವಕೋಶದ ಒಳಗೆ ಹೋಗಬೇಕಾದರೆ ಮೊದಲು ಹೊರಗೆ ಎಲ್ಲಾದರೂ ಅಂಟಿಕೊಳ್ಳಬೇಕು. ಅಂಟಿಕೊಳ್ಳದಿದ್ದರೆ ಉಳಿದ ಊಟದ ಜೊತೆ ಸುಮ್ನೆ ಹೊರಗೆ ಹೋಗುತ್ತದೆ. ನೊರೊದ ಬಹುಪಾಲು ತಳಿಗಳು ಅಂಟಿಕೊಳ್ಳುವುದು ಕರುಳಿನ ಗೋಡೆಯ ಈ ಎಚ್ ಬಗೆಯ ಸಕ್ಕರೆಗಳಿಗೆ. ಎಫ್‌ಯುಟಿ2 ಕೆಟ್ಟವರ ಕರುಳಿನಲ್ಲಿ ಆ ಹಿಡಿಕೆಯೇ ಇಲ್ಲ.

ಈ ಸುಳಿವು ಸಿಕ್ಕಿದ್ದು ಮೊಲಗಳಿಂದ. ಮೊಲಗಳಲ್ಲಿ ರಕ್ತಸ್ರಾವವಾಗಿ ಸಾಯಿಸುವ ಒಂದು ವೈರಸ್ ಇದೆ, ನೊರೊದ ದಾಯಾದಿ. ಅದು ಎಚ್ ಸಕ್ಕರೆಗೆ ಅಂಟುತ್ತದೆ ಅಂತ ಫ್ರಾನ್ಸಿನ ನಾಂತ್ ನಗರದಲ್ಲಿ ಜಾಕ್ ಲ ಪಾಂದ್ಯೂ ಅವರ ತಂಡ 2000ದ ಸುಮಾರಿಗೆ ತೋರಿಸಿತು. ದಾಯಾದಿ ಹೀಗೆ ಮಾಡಿದರೆ ಇದೂ ಹಾಗೇ ಮಾಡಬಹುದಲ್ಲ ಅಂತ ನಾರ್ವಾಕ್ ವೈರಸ್ಸನ್ನು ನೋಡಿದರು. 2002ರಲ್ಲಿ ಉತ್ತರ ಬಂತು: ಸೆಕ್ರೆಟರ್‌ಗಳ ಹೊಟ್ಟೆ-ಕರುಳಿನ ಅಂಗಾಂಶಕ್ಕೆ ಅಂಟಿತು, ನಾನ್-ಸೆಕ್ರೆಟರ್‌ಗಳದಕ್ಕೆ ಅಂಟಲಿಲ್ಲ.

ಮನುಷ್ಯರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರಾ?

ಮಾಡಿದ್ದಾರೆ. ದುಡ್ಡು ಕೊಟ್ಟು, ಒಪ್ಪಿಗೆ ಪಡೆದು, ವೈರಸ್ ಇರುವ ದ್ರವ ಕುಡಿಸಿ. ಕುಡಿದವರಿಗೆ ಒಂದು ದೊಡ್ಡ ನಮಸ್ಕಾರ.

1977ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಹನ್ನೆರಡು ಜನ ಕುಡಿದರು. ಆರು ಜನ ಮಲಗಿದರು, ಆರು ಜನಕ್ಕೆ ಏನೂ ಆಗಲಿಲ್ಲ. 27ರಿಂದ 42 ತಿಂಗಳ ನಂತರ ಅದೇ ಹನ್ನೆರಡು ಜನರಿಗೆ ಮತ್ತೆ ಅದನ್ನೇ ಕುಡಿಸಿದರು. ಹಿಂದೆ ಮಲಗಿದ್ದ ಅದೇ ಆರು ಜನ ಮತ್ತೆ ಮಲಗಿದರು. ಏನೂ ಆಗದಿದ್ದ ಆರು ಜನ ಈ ಸಲವೂ ಏನೂ ಆಗದೆ ಮನೆಗೆ ಹೋದರು. ನಾವು ಓದಿಕೊಂಡ ಪಾಠ ಏನು? ಒಮ್ಮೆ ಬಂದರೆ ಪ್ರತಿಕಾಯ ಬೆಳೆಯುತ್ತದೆ, ಮುಂದಿನ ಸಲ ಕಾಪಾಡುತ್ತದೆ. ಇಲ್ಲಿ ಉಲ್ಟಾ. ಪ್ರತಿಕಾಯ ಜಾಸ್ತಿ ಇದ್ದವರಿಗೇ ಕಾಯಿಲೆ ಬಂತು, ಕಡಿಮೆ ಇದ್ದವರು ಆರಾಮಾಗಿದ್ದರು. ಆಗ ಯಾರಿಗೂ ಇದರ ತಲೆಬುಡ ಅರ್ಥವಾಗಲಿಲ್ಲ. ಹುಟ್ಟಿನಿಂದ ಬಂದದ್ದು ಏನೋ ಇದೆ ಅನ್ನೋ ಅನುಮಾನ ಮಾತ್ರ ಉಳಿಯಿತು.

ಗಂಟು ಬಿಚ್ಚಿದ್ದು 2003ರಲ್ಲಿ. ಅಮೆರಿಕದ ಲಿಸಾ ಲಿಂಡ್‌ಸ್ಮಿತ್ ಮತ್ತು ಸಂಗಡಿಗರು 77 ಜನರಿಗೆ ಬೇರೆ ಬೇರೆ ಪ್ರಮಾಣದಲ್ಲಿ ನಾರ್ವಾಕ್ ವೈರಸ್ ಕೊಟ್ಟರು. ಅವರಲ್ಲಿ ಶೇ. 29ರಷ್ಟು ಜನ ನಾನ್-ಸೆಕ್ರೆಟರ್. ಪ್ರಮಾಣ ಎಷ್ಟೇ ಏರಿಸಿದರೂ ಆ ಗುಂಪಿನಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಒಬ್ಬರಿಗೂ! ವೈದ್ಯಕೀಯದಲ್ಲಿ ಇಷ್ಟು ಸ್ವಚ್ಛವಾದ ಉತ್ತರ ಅಪರೂಪ. ಆದರೆ ಸೆಕ್ರೆಟರ್‌ಗಳ ಪೈಕಿಯೂ ಕೆಲವರು ಪಾರಾದರು. ಅಂಥವರ ಜೊಲ್ಲಿನಲ್ಲಿ ಐಜಿಎ ಅನ್ನೋ ಪ್ರತಿಕಾಯ ಬೇಗನೆ ಎದ್ದಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಚಿಕ್ಕಮ್ಮನ ವಿಷಯಕ್ಕೆ ಬೇಕಾಗುತ್ತದೆ.

ಹಾಗಾದ್ರೆ ನಾನ್-ಸೆಕ್ರೆಟರ್‌ಗೆ ನೊರೊ ಬರೋದೇ ಇಲ್ಲ, ಸರೀನಾ?

ಸರಿಯಲ್ಲ. ಮೇಲಿನದು ನಾರ್ವಾಕ್ ತಳಿಯೊಂದರ ಫಲಿತಾಂಶ. ಪ್ರಪಂಚದಲ್ಲಿ ಬಹಳ ಕಾಲ ಮೇಲುಗೈ ಪಡೆದಿದ್ದ ಜಿಐಐ.4 ತಳಿಗೂ ನಾನ್-ಸೆಕ್ರೆಟರ್‌ಗಳು ಬಹುಮಟ್ಟಿಗೆ ಬಗ್ಗೋದಿಲ್ಲ. ಆದರೆ ಸ್ನೋ ಮೌಂಟನ್ ಅನ್ನೋ ಜಿಐಐ.2 ವೈರಸ್ ಸೆಕ್ರೆಟರ್, ನಾನ್-ಸೆಕ್ರೆಟರ್ ಅಂತ ಭೇದ ಮಾಡಲಿಲ್ಲ. ಸ್ವೀಡನ್ನಿನಲ್ಲಿ ಜಿಐ.3 ಹರಡಿದಾಗ ನಾನ್-ಸೆಕ್ರೆಟರ್‌ಗಳೂ ಮಲಗಿದರು. ಒಂದು ಬಾಗಿಲಿಗೆ ಬೀಗ ಇದೆ ಅಂದರೆ ಮನೆಗೆಲ್ಲ ಬೀಗ ಇದೆ ಅಂತಲ್ಲ.

ಪಾಸಿಟಿವ್, ನೆಗೆಟಿವ್ ಇದರಲ್ಲಿ ಬರುತ್ತಾ?

ಇಲ್ಲ. ಅದು ಆರ್‌ಎಚ್, ಸಕ್ಕರೆಯಲ್ಲ, ಪ್ರೋಟೀನು. ಈ ಕಥೆಯಲ್ಲಿ ಅದಕ್ಕೆ ಪಾತ್ರವಿಲ್ಲ.

ಇದು ಅಪ್ಪನಿಂದ ಬರುತ್ತಾ, ಅಮ್ಮನಿಂದ ಬರುತ್ತಾ?

ಇಬ್ಬರಿಂದಲೂ. ಪ್ರತಿಯೊಬ್ಬರಲ್ಲೂ ಎಫ್‌ಯುಟಿ2 ಜೀನಿನ ಎರಡು ಪ್ರತಿ ಇರುತ್ತವೆ. ಒಂದಾದರೂ ಸರಿ ಇದ್ದರೆ ಸಾಕು, ಸೆಕ್ರೆಟರ್. ಎರಡೂ ಕೆಟ್ಟಿದ್ದರೆ ಮಾತ್ರ ನಾನ್-ಸೆಕ್ರೆಟರ್. ಹಾಗಾಗಿ ಅಪ್ಪ-ಅಮ್ಮ ಇಬ್ಬರೂ ಸೆಕ್ರೆಟರ್ ಆಗಿದ್ದು, ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಒಳಗಿಟ್ಟುಕೊಂಡಿದ್ದರೆ, ಪ್ರತಿ ಮಗುವಿಗೂ ನಾನ್-ಸೆಕ್ರೆಟರ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎ, ಬಿ, ಓ ನಿರ್ಧರಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ, ಇದು 19ರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದೆ ಹರಿದು ಬರುತ್ತವೆ. ಅಣ್ಣ-ತಮ್ಮ ಇಬ್ಬರೂ ಬಿ ಪಾಸಿಟಿವ್ ಆಗಿದ್ದು, ಒಬ್ಬ ಸೆಕ್ರೆಟರ್, ಇನ್ನೊಬ್ಬ ಅಲ್ಲ, ಹೀಗೂ ಆಗುತ್ತದೆ.

ಎಷ್ಟು ಜನ ನಾನ್-ಸೆಕ್ರೆಟರ್ ಇರ್ತಾರೆ?

ಯುರೋಪಿನವರಲ್ಲಿ ಸುಮಾರು ಐವರಲ್ಲಿ ಒಬ್ಬರು. ಅಲ್ಲಿ ಜೀನಿನ 428ನೇ ಅಕ್ಷರ ಬದಲಾಗಿ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಚೀನಾ, ಜಪಾನ್ ಕಡೆ ಬೇರೆಯೇ ಬದಲಾವಣೆ, 385ನೇ ಅಕ್ಷರದಲ್ಲಿ. ಅಲ್ಲಿ ಜೀನ್ ಪೂರ್ತಿ ಸಾಯುವುದಿಲ್ಲ, ಕುಂಟುತ್ತದೆ. ಅಂಥವರನ್ನು ದುರ್ಬಲ ಸೆಕ್ರೆಟರ್ ಅನ್ನುತ್ತಾರೆ. ನಮ್ಮ ಭಾರತದಲ್ಲಿ ಯುರೋಪಿನ 428 ಬದಲಾವಣೆಯೂ ಇದೆ, ಅದರ ಜೊತೆ ನಮ್ಮದೇ ಅನ್ನಬಹುದಾದ ಇನ್ನೊಂದು ಇದೆ: ಇಡೀ ಎಫ್‌ಯುಟಿ2 ಜೀನೇ ಕಿತ್ತುಹೋಗಿರುವುದು. ಅಕ್ಷರ ತಪ್ಪಲ್ಲ, ಪುಟವೇ ಹರಿದದ್ದು. ಅದು ನೇರವಾಗಿ ಮುಂದಿನ ಪ್ರಶ್ನೆಗೆ ಕರೆದೊಯ್ಯುತ್ತದೆ.

ಬಾಂಬೆ ಬ್ಲಡ್ ಗ್ರೂಪ್ ಅಂತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ನನ್ನ ಕೆಲಸದಲ್ಲಿ ಎದೆ ಡವಡವ ಅನ್ನಿಸುವ ಗ್ರೂಪ್ ಅಂದರೆ ಇದೇ. ಬಾಂಬೆಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು 1952ರಲ್ಲಿ ವರದಿ ಮಾಡಿದರು. ಇವರಲ್ಲಿ ಎಫ್‌ಯುಟಿ1, ಎಫ್‌ಯುಟಿ2 ಎರಡೂ ಕೆಲಸ ಮಾಡುವುದಿಲ್ಲ. ತಳಪಾಯವಾದ ಎಚ್ ರಕ್ತದಲ್ಲೂ ಇಲ್ಲ, ಜೊಲ್ಲಿನಲ್ಲೂ ಇಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಅನ್ನುತ್ತಾರೆ. ಭಾರತದ ಬಾಂಬೆ ಗ್ರೂಪಿನವರನ್ನು ಪರೀಕ್ಷಿಸಿದಾಗ ಎಫ್‌ಯುಟಿ1ರಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಪಕ್ಕದ ಎಫ್‌ಯುಟಿ2 ಇಡಿಯಾಗಿ ಮಾಯವಾಗಿತ್ತು. ಅಕ್ಕಪಕ್ಕದ ಜೀನ್‌ಗಳಾದ್ದರಿಂದ ಎರಡು ದೋಷವೂ ಜೊತೆಯಾಗಿಯೇ ಮಕ್ಕಳಿಗೆ ಹೋಗುತ್ತವೆ.

ಮಾಮೂಲಿ ಟೆಸ್ಟಿನಲ್ಲಿ ಇವರ ರಕ್ತಕಣ ಓ ಅಂತಲೇ ಕಾಣುತ್ತದೆ. ಎ ಸಕ್ಕರೆಯನ್ನು ಹಿಡಿಯುವ ಪ್ರತಿಕಾಯವಾದ ಆಂಟಿ-ಎಗೂ ಗಂಟು ಕಟ್ಟೋದಿಲ್ಲ, ಬಿ ಹಿಡಿಯುವ ಆಂಟಿ-ಬಿಗೂ ಇಲ್ಲ. ಆದರೆ ಇವರ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ಓ ಗ್ರೂಪಿನ ಕಣಗಳಿಗೆ ಹಾಕಿ ನೋಡಿ, ಅದರಲ್ಲಿ ಎಚ್ ವಿರುದ್ಧದ ಪ್ರತಿಕಾಯ ಇರೋದರಿಂದ ಕಣ್ಣೆದುರೇ ಗಂಟು ಕಟ್ಟುತ್ತದೆ. ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ, ಬಾಂಬೆಗೆ ಬಾಂಬೆಯೇ ಬೇಕು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳನ್ನು ಹುಡುಕಿ ಜೋಡಿಸುವ ಕೆಲಸ ಮಾಡುತ್ತಾ ಬಂದಿದೆ.

ನೊರೊ ವಿಷಯಕ್ಕೆ ಬಂದರೆ, ಬಾಂಬೆ ಗ್ರೂಪಿನವರು ನಾನ್-ಸೆಕ್ರೆಟರ್. ಹಾಗಾಗಿ ಎಚ್ ಹಿಡಿದು ಏರುವ ತಳಿಗಳಿಗೆ ಅವರ ಕರುಳಿನಲ್ಲೂ ಹಿಡಿಕೆ ಇಲ್ಲ. ರಕ್ತ ಸಿಗದೆ ಒದ್ದಾಡುವ ಕಷ್ಟದ ಮುಂದೆ ಇದು ಸಣ್ಣ ಸಮಾಧಾನ.

ರೋಟಾವೈರಸ್ ಕೂಡ ಇದೇ ಆಟ ಆಡುತ್ತಾ?

ಆಡುತ್ತದೆ, ಸ್ವಲ್ಪ ಬೇರೆ ರೀತಿ. ರೋಟಾದ ಮೈಮೇಲೆ ಮುಳ್ಳುಗಳಿವೆ. ಮುಳ್ಳಿನ ತುದಿಯ ಆಕಾರ ನೋಡಿ ಪಿ8, ಪಿ4, ಪಿ6, ಪಿ11 ಅಂತ ಹೆಸರಿಡುತ್ತಾರೆ. ಪ್ರಪಂಚದಲ್ಲಿ ಜಾಸ್ತಿ ಕಾಣುವ ಪಿ8 ತಳಿ ಸೆಕ್ರೆಟರ್ ಮಕ್ಕಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಲೂಯಿಸ್ ಅನ್ನೋ ಇನ್ನೊಂದು ಗುಂಪು ಇದೆ, ಅದೂ ಸಕ್ಕರೆಯೇ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ನೋಡಿದಾಗ ಪಿ8 ಬಂದದ್ದು ಲೂಯಿಸ್ ಇರುವ ಸೆಕ್ರೆಟರ್ ಮಕ್ಕಳಿಗೆ, ಪಿ6 ಬಂದದ್ದು ಹೆಚ್ಚಾಗಿ ಲೂಯಿಸ್ ಇಲ್ಲದ ಮಕ್ಕಳಿಗೆ. ಆಫ್ರಿಕಾದಲ್ಲಿ ಲೂಯಿಸ್ ಇಲ್ಲದವರು ಜಾಸ್ತಿ, ಪಿ6 ಕೂಡ ಜಾಸ್ತಿ. ಜನರ ಸಕ್ಕರೆ ನೋಡಿಯೇ ವೈರಸ್ ಊರು ಆರಿಸಿಕೊಂಡ ಹಾಗಿದೆ.

ಪಿ11 ಕಥೆಯಲ್ಲಿ ನಮ್ಮ ಬೆಂಗಳೂರು ಬರುತ್ತದೆ. ಹುಟ್ಟಿದ ಕೆಲವೇ ದಿನದ ಕೂಸುಗಳ ಮಲದಲ್ಲಿ ರೋಟಾ ಸಿಗುತ್ತಿತ್ತು, ಆದರೆ ಕೂಸಿಗೆ ಭೇದಿ ಇಲ್ಲ, ಹಾಲು ಕುಡಿದುಕೊಂಡು ಚೆನ್ನಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಸಿ. ದುರ್ಗಾ ರಾವ್ ಮತ್ತು ಜೊತೆಯವರು ಬೆಂಗಳೂರಿನ ಇಂಥ ಕೂಸುಗಳಿಂದ ತೆಗೆದ ತಳಿಗೆ ಐ321 ಅಂತ ಹೆಸರಿಟ್ಟರು. ಬಿಚ್ಚಿ ನೋಡಿದರೆ ಅದರ ಜೀನ್‌ಗಳಲ್ಲಿ ಬಹುಪಾಲು ದನದ ರೋಟಾವೈರಸ್‌ನವು! ದೆಹಲಿಯ ಏಮ್ಸ್‌ನಲ್ಲಿ ಸಿಕ್ಕ ಇಂಥದ್ದೇ ಇನ್ನೊಂದು ತಳಿ 116ಇ. ಎರಡೂ ಪಿ11.

ಇವು ನವಜಾತ ಕೂಸುಗಳನ್ನೇ ಯಾಕೆ ಹುಡುಕಿಕೊಂಡು ಹೋಗುತ್ತವೆ? ಆಗ ತಾನೇ ಹುಟ್ಟಿದ ಕೂಸಿನ ಕರುಳಲ್ಲಿ ಸಕ್ಕರೆ ಸರಪಳಿಗಳ ಕೆಲಸ ಇನ್ನೂ ಮುಗಿದಿರುವುದಿಲ್ಲ. ಎಚ್, ಎ, ಬಿ ಸೇರುವ ಮೊದಲಿನ ಹಸಿ ಸರಪಳಿಗಳು ಜಾಸ್ತಿ ಇರುತ್ತವೆ. ಪಿ11 ಅಂಟುವುದು ಆ ಹಸಿ ಸರಪಳಿಗೇ. ಮಗು ಬೆಳೆದಂತೆ ಅದು ಕಡಿಮೆಯಾಗುತ್ತದೆ.

ಲಸಿಕೆ ಹಾಕಿಸಿದರೆ ಸಾಕಲ್ಲ? ಅದಕ್ಕೂ ಸೆಕ್ರೆಟರ್ ಲೆಕ್ಕ ಇದೆಯಾ?

ಮೇಲೆ ಹೇಳಿದ 116ಇ ತಳಿಯಿಂದಲೇ ಹೈದರಾಬಾದಿನ ಭಾರತ್ ಬಯೋಟೆಕ್ ರೋಟಾವ್ಯಾಕ್ ಲಸಿಕೆ ಮಾಡಿದ್ದು. 2015ರಲ್ಲಿ ಬಂತು, 2016ರಿಂದ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿತು, 2019ರ ಹೊತ್ತಿಗೆ ದೇಶವಿಡೀ ಹರಡಿತು. 6, 10, 14ನೇ ವಾರದಲ್ಲಿ ಬಾಯಿಗೆ ಹಾಕುತ್ತಾರೆ, ಸೂಜಿ ಇಲ್ಲ.

ಸೆಕ್ರೆಟರ್ ಲೆಕ್ಕ ಇದೆ. ಬಾಯಿಗೆ ಹಾಕುವ ರೋಟಾ ಲಸಿಕೆಯಲ್ಲಿ ಇರೋದು ಜೀವಂತ, ಆದರೆ ಸಪ್ಪೆ ಮಾಡಿದ ವೈರಸ್. ಅದೂ ಕರುಳಲ್ಲಿ ಅಂಟಿ ಸ್ವಲ್ಪ ಬೆಳೆದರೆ ಮಾತ್ರ ದೇಹ ಪಾಠ ಕಲಿಯುತ್ತದೆ. ಪಿ8 ತಳಿಯಿಂದ ಮಾಡಿದ ಒಂದು ವಿದೇಶಿ ಲಸಿಕೆಗೆ ಪಾಕಿಸ್ತಾನದ ನಾನ್-ಸೆಕ್ರೆಟರ್ ಮಕ್ಕಳಲ್ಲಿ ಪ್ರತಿಕ್ರಿಯೆ ಕಡಿಮೆ ಕಂಡಿತ್ತು. ಆದರೆ ಅಂಥ ಮಕ್ಕಳಿಗೆ ಅಸಲಿ ಪಿ8 ಹಿಡಿಯುವ ಸಾಧ್ಯತೆಯೂ ಕಡಿಮೆಯೇ. ಲಸಿಕೆಗೆ ಮುಂಚೆ ಜೊಲ್ಲು ಟೆಸ್ಟ್ ಮಾಡಿಸಬೇಕಾ ಅಂತ ಒಬ್ಬ ತಂದೆ ಕೇಳಿದರು. ಬೇಡವೇ ಬೇಡ. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಕರೆದ ದಿನ ಹೋಗಿ ಹಾಕಿಸಿ.

ನೊರೊಗೆ ಇಲ್ಲಿ ಹಾಕಿಸಿಕೊಳ್ಳುವಂಥ ಲಸಿಕೆ ಇಲ್ಲ. ಬಹಳ ವರ್ಷ ಆ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಲಿಕ್ಕೇ ಆಗುತ್ತಿರಲಿಲ್ಲ. 2016ರಲ್ಲಿ ಹ್ಯೂಸ್ಟನ್ನಿನ ಮೇರಿ ಎಸ್ಟೆಸ್ ಅವರ ತಂಡ ಮನುಷ್ಯನ ಕರುಳಿನ ಕೋಶಗಳಿಂದಲೇ ಪುಟಾಣಿ ಕರುಳು ಮಾಡಿ ಅದರಲ್ಲಿ ಬೆಳೆಸಿತು.

ತಾಯಿ ಹಾಲಿನಲ್ಲೂ ಈ ಸಕ್ಕರೆ ಇದೆ ಅಂದ್ರಲ್ಲ, ಮಗುವಿಗೆ ಒಳ್ಳೇದಾ?

ಒಳ್ಳೇದು. ಸೆಕ್ರೆಟರ್ ತಾಯಿಯ ಹಾಲಿನಲ್ಲಿ ಫ್ಯೂಕೋಸ್ ಸೇರಿದ ಸಕ್ಕರೆಗಳು ತೇಲುತ್ತಿರುತ್ತವೆ. ವೈರಸ್ ಕರುಳಿನ ಗೋಡೆ ಅಂತ ತಪ್ಪು ತಿಳಿದು ಅವಕ್ಕೇ ಅಂಟಿಕೊಂಡು ಹೊರಗೆ ಹೋಗಬಹುದು. ಮೆಕ್ಸಿಕೋ ಸಿಟಿಯಲ್ಲಿ ಎದೆಹಾಲು ಕುಡಿಯುವ ಕೂಸುಗಳನ್ನು ಗಮನಿಸಿದಾಗ ಇಂಥ ಸಕ್ಕರೆ ಜಾಸ್ತಿ ಇದ್ದ ಹಾಲು ಕುಡಿದವಕ್ಕೆ ನೊರೊ ಕುಟುಂಬದ ವೈರಸ್ಸಿನ ಭೇದಿ ಕಡಿಮೆ ಕಂಡಿತು. ನಾನ್-ಸೆಕ್ರೆಟರ್ ತಾಯಂದಿರು ಇದನ್ನು ಓದಿ ಕೊರಗಬೇಡಿ. ನಿಮ್ಮ ಹಾಲಿನಲ್ಲಿ ಬೇರೆ ನೂರು ಬಗೆಯ ಕಾವಲುಗಾರರು ಇದ್ದಾರೆ.

ನಾನ್-ಸೆಕ್ರೆಟರ್ ಆಗೋದೇ ಲಾಭ ಅಂತಾಯ್ತು. ಮತ್ತೆ ಎಲ್ಲರೂ ಯಾಕೆ ಹಾಗಿಲ್ಲ?

ಯಾಕಂದರೆ ಬಿಟ್ಟಿ ಊಟ ಎಲ್ಲೂ ಸಿಗೋದಿಲ್ಲ. ಕರುಳಿನ ಆ ಸಕ್ಕರೆಗಳನ್ನು ನಮ್ಮ ಒಳ್ಳೆಯ ಬ್ಯಾಕ್ಟೀರಿಯಾಗಳೂ ತಿಂದು ಬದುಕುತ್ತವೆ. ನಾನ್-ಸೆಕ್ರೆಟರ್‌ಗಳಲ್ಲಿ ಕ್ರೋನ್ಸ್ ಅನ್ನೋ ಕರುಳಿನ ಉರಿಯೂತ ಸ್ವಲ್ಪ ಜಾಸ್ತಿ ಕಂಡುಬಂದಿದೆ. ಹೆಂಗಸರಿಗೆ ಮತ್ತೆ ಮತ್ತೆ ಉರಿಮೂತ್ರ ಬರುವುದೂ ಜಾಸ್ತಿ. ಇನ್ನೊಂದು ಕಡೆ ರಕ್ತದಲ್ಲಿ ಬಿ12 ಮಟ್ಟ ಇವರಿಗೆ ಸ್ವಲ್ಪ ಮೇಲಿರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಕಾಲರಾಗೂ ಓ ಗ್ರೂಪಿಗೂ ಸಂಬಂಧ ಇದೆ ಅಂತಾರೆ?

ಇದೆ, ಆದರೆ ಕಾಲರಾ ವೈರಸ್ಸಲ್ಲ, ಬ್ಯಾಕ್ಟೀರಿಯಾ. ಓ ಗ್ರೂಪಿನವರಿಗೆ ಕಾಲರಾ ಬಂದರೆ ಜೋರಾಗಿ ಬರುತ್ತದೆ. ಕಾಲರಾದ ತವರಾದ ಗಂಗಾ ಮುಖಜ ಭೂಮಿಯಲ್ಲಿ ಓ ಗ್ರೂಪ್ ಕಡಿಮೆ ಇರೋದಕ್ಕೆ ಇದೇ ಕಾರಣ ಇರಬಹುದು ಅನ್ನುವವರಿದ್ದಾರೆ. ಎರಡನ್ನೂ ಕಲಸಿ ಫಾರ್ವರ್ಡ್ ಮಾಡುವ ಮೆಸೇಜುಗಳೇ ಜಾಸ್ತಿ.

ಬ್ಲಡ್ ಗ್ರೂಪ್ ನೋಡಿ ಊಟ ಮಾಡಿದರೆ ಹೊಟ್ಟೆ ಕೆಡಲ್ವಂತೆ?

ಯಾರೋ ಪುಸ್ತಕ ಮಾರೋರು ಹೇಳಿದ್ದಿರಬೇಕು. ಆಧಾರ ಇಲ್ಲ. ಮುಂದಿನ ಪ್ರಶ್ನೆ.

ಪಕ್ಕದ ಕೇರಳದಲ್ಲಿ ನೊರೊ ಬಂದಿತ್ತಲ್ಲ?

ಹೌದು. 2021ರ ನವೆಂಬರಿನಲ್ಲಿ ವಯನಾಡಿನ ಪೂಕೋಡಿನ ಪಶುವೈದ್ಯ ಕಾಲೇಜಿನಲ್ಲಿ 13 ವಿದ್ಯಾರ್ಥಿಗಳಿಗೆ ಖಚಿತವಾಯಿತು. ವಯನಾಡು ನಮ್ಮ ಕೊಡಗು, ಮೈಸೂರು ಜಿಲ್ಲೆಗಳ ಗಡಿಗೇ ಅಂಟಿದ ಜಿಲ್ಲೆ. ಟಿವಿಯವರು ಹೊಸ ವೈರಸ್ ಅಂತ ಕೂಗಿದರು. ಹೊಸದೇನೂ ಅಲ್ಲ. ಅಲ್ಲಿ ಟೆಸ್ಟ್ ಮಾಡಿದರು, ಸಿಕ್ಕಿತು. ನಮ್ಮ ನಾಮಕರಣದ ಮನೆಯಲ್ಲಿ ಯಾರೂ ಟೆಸ್ಟ್ ಮಾಡಲಿಲ್ಲ.

ಮನೆಯಲ್ಲಿ ಒಬ್ಬರಿಗೆ ಶುರುವಾದರೆ ಏನು ಮಾಡಬೇಕು?

ಸೋಪು, ನೀರು. ಸ್ಯಾನಿಟೈಸರ್ ನಂಬಿ ಕೂರಬೇಡಿ. ಕೊರೊನಾ ವೈರಸ್ಸಿಗೆ ಕೊಬ್ಬಿನ ಕವಚ ಇತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ನೊರೊಗೆ ಆ ಕವಚವೇ ಇಲ್ಲ. ಕೈಯನ್ನು ಉಜ್ಜಿ ತೊಳೆದು ಚರಂಡಿಗೆ ಕಳಿಸೋದೇ ದಾರಿ. ವಾಂತಿ ಬಿದ್ದ ಜಾಗವನ್ನು ಬರೀ ಫಿನಾಯಿಲಲ್ಲಿ ಒರೆಸಿದರೆ ಸಾಲದು, ಬ್ಲೀಚ್ ಬೇಕು. ಒರೆಸುವಾಗ ಕೈಗೆ ಗ್ಲೌಸ್ ಇರಲಿ. ಕಾಯಿಲೆ ಬಿದ್ದವರು ವಾಂತಿ ನಿಂತು ಎರಡು ದಿನ ಆಗುವ ತನಕ ಅಡುಗೆಮನೆಗೆ ಕಾಲಿಡಬಾರದು. ಮನೆಯಲ್ಲಿ ಅಡುಗೆ ಮಾಡುವವರು ಒಬ್ಬರೇ ಇದ್ದರೆ ಈ ಮಾತು ಹೇಳಲಿಕ್ಕೆ ಸುಲಭ ಅಂತ ನನಗೂ ಗೊತ್ತು. ಎರಡು ದಿನ ಗಂಡಸರು ಗಂಜಿ ಬೇಯಿಸಿ.

ಓಆರ್‌ಎಸ್ ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್. ಅರ್ಧ ಪುಡಿ ಅರ್ಧ ಲೋಟಕ್ಕೆ ಅಂತ ಅಂದಾಜು ಮಾಡೋರನ್ನು ನೋಡಿದ್ದೇನೆ, ಉಪ್ಪು ಜಾಸ್ತಿಯಾದರೆ ಮಗುವಿಗೆ ಕಷ್ಟ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಕೊಡಿ. ಚಿಕ್ಕ ಮಕ್ಕಳಿಗೆ ಡಾಕ್ಟರು 14 ದಿನ ಜಿಂಕ್ ಕೊಡುತ್ತಾರೆ, ಭೇದಿ ನಿಂತಿತು ಅಂತ ಮಧ್ಯೆ ಬಿಡಬೇಡಿ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಮಗು ಮಂಕಾಗಿ ಮಲಗಿದ್ದರೆ, ಕಣ್ಣು ಗುಳಿಬಿದ್ದರೆ, ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ನಾನು ಸೆಕ್ರೆಟರ್ ಹೌದಾ ಅಂತ ಹೇಗೆ ತಿಳಿಯೋದು?

ಮಾಮೂಲಿ ಲ್ಯಾಬುಗಳಲ್ಲಿ ಮಾಡೋದಿಲ್ಲ, ಕಾಯಿಲೆಗೆ ಅದರಿಂದ ಆಗಬೇಕಾದ್ದೂ ಏನಿಲ್ಲ. ಜೀನ್ ಟೆಸ್ಟ್ ಮಾಡಿಸಿದವರ ರಿಪೋರ್ಟಿನಲ್ಲಿ ಸಿಗಬಹುದು. ಮೆಡಿಕಲ್ ಕಾಲೇಜುಗಳಲ್ಲಿ ಮಕ್ಕಳಿಗೆ ಕಲಿಸಲಿಕ್ಕೆ ಜೊಲ್ಲಿನ ಟೆಸ್ಟ್ ಮಾಡಿಸುತ್ತಾರೆ. ಅದರಲ್ಲಿ ಓ ಗ್ರೂಪಿನವರ ಎಚ್ ಹುಡುಕಲು ಯೂಲೆಕ್ಸ್ ಅನ್ನೋ ಮುಳ್ಳುಗಿಡದ ಬೀಜದ ರಸ ಬಳಸುತ್ತಾರೆ. ಊಟಿ ಕಡೆ ಹಳದಿ ಹೂ ಬಿಟ್ಟು ಗುಡ್ಡದ ಮೇಲೆ ಹಬ್ಬಿರುತ್ತದೆ, ನೋಡಿರಬಹುದು. ಎ ಗ್ರೂಪಿನೊಳಗೇ ಎ1 ಹೌದಾ ಅಂತ ನೋಡಲು ಏನು ಬಳಸುತ್ತೇವೆ ಗೊತ್ತಾ? ಹುರುಳಿಕಾಳಿನ ರಸ. ನಾವು ಬಸ್ಸಾರು ಮಾಡುವ ಅದೇ ಹುರುಳಿ. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ಪುಟ್ಟ ಬಾಟಲಿಯಲ್ಲಿ ಕೂತಿರುತ್ತದೆ, ದುಬಾರಿ ಬೆಲೆಗೆ.

ಚಿಕ್ಕಮ್ಮನ ಟೆಸ್ಟ್ ಮಾಡಿದ್ರಾ?

ಮಾಡಿದೆ. ಎಲೆಅಡಿಕೆ ಉಗಿಸಿ, ಮೂರು ಸಲ ಬಾಯಿ ಮುಕ್ಕಳಿಸಿ ಅಂದಾಗಲೇ ಸಿಟ್ಟು ಬಂದಿತ್ತು. ಗಾಜಿನ ಟ್ಯೂಬಿಗೆ ಎರಡು ಬೆರಳಷ್ಟು ಉಗುಳು ಕೊಟ್ಟರು. ಅದನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಇಟ್ಟೆ, ಇಲ್ಲದಿದ್ದರೆ ಜೊಲ್ಲಿನ ಕಿಣ್ವಗಳೇ ಸಕ್ಕರೆಯನ್ನು ತಿಂದುಹಾಕುತ್ತವೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದುಕೊಂಡೆ. ಚಿಕ್ಕಮ್ಮನದು ಎ ಗ್ರೂಪ್. ತಿಳಿಗೆ ತೆಳು ಮಾಡಿದ ಆಂಟಿ-ಎ ಒಂದು ಹನಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಎ ರಕ್ತಕಣ ಒಂದು ಹನಿ. ಗಂಟು ಕಟ್ಟಿದರೆ ಜೊಲ್ಲಿನಲ್ಲಿ ಎ ಇಲ್ಲ, ನಾನ್-ಸೆಕ್ರೆಟರ್. ಜೊಲ್ಲಿನಲ್ಲಿ ಎ ಇದ್ದರೆ ಅದು ಮೊದಲೇ ಆಂಟಿ-ಎಯನ್ನು ಹಿಡಿದುಕೊಂಡಿರುತ್ತದೆ, ಕಣಗಳಿಗೆ ಏನೂ ಉಳಿಯುವುದಿಲ್ಲ, ಗಂಟು ಕಟ್ಟುವುದಿಲ್ಲ.

ಪಕ್ಕದ ಟ್ಯೂಬಿನಲ್ಲಿ ಹೋಲಿಕೆಗೆ ಅಂತ ನನ್ನದೇ ಜೊಲ್ಲು ಇಟ್ಟಿದ್ದೆ, ನನ್ನದೂ ಎ. ನನ್ನ ಟ್ಯೂಬಿನಲ್ಲಿ ಇಟ್ಟಿಗೆಪುಡಿ ಹಾಗೆ ಗಂಟು. ಚಿಕ್ಕಮ್ಮನದು ನಯವಾದ ಕೆಂಪು ನೀರು.

ಅಂದರೆ ಚಿಕ್ಕಮ್ಮ ಸೆಕ್ರೆಟರ್. ಆ ನಾಮಕರಣದಲ್ಲಿ ಎರಡು ದಿನ ಮಲಗಿದ್ದ ನಾನು ನಾನ್-ಸೆಕ್ರೆಟರ್. ಬಂದದ್ದು ನೊರೊನೇ ಆಗಿರಲಿಲ್ಲವೋ, ನನ್ನಂಥವರನ್ನೂ ಬಿಡದ ತಳಿಯಾಗಿತ್ತೋ, ಚಿಕ್ಕಮ್ಮನಿಗೆ ಐಜಿಎ ಬೇಗ ಎದ್ದಿತೋ, ಅಥವಾ ಅವರು ಅವತ್ತು ನಾಮಕರಣದ ಊಟದ ಪಾಯಸ ತಿಂದೇ ಇರಲಿಲ್ಲವೋ. ಇದನ್ನೆಲ್ಲ ಬಿಡಿಸಿ ಹೇಳಿದೆ. ಚಿಕ್ಕಮ್ಮ ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ ಅಂದರು: "ನಾನು ಒಬ್ಬೊಬ್ಬರದು ಬಳಿದಾಗಲೂ ಸೋಪು ಹಾಕಿ ಮೊಣಕೈ ತನಕ ತೊಳ್ಕೋತಿದ್ದೆ ಕಣೋ. ಅದನ್ನ ನೀನು ಕೇಳ್ಲೇ ಇಲ್ವಲ್ಲ."